ಷರಾ ಕಾಲಂನಲ್ಲಿದ್ದ ಬಾವಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬೆಳ್ಮಣ್ಣು ಪೇಟೆಯಿಂದ ಸ್ವಲ್ಪ ಒಳಗೆ, ಹುಲ್ಲು ಬೆಳೆದ ಸಮತಟ್ಟಾದ ಜಾಗದಲ್ಲಿ ಪಪ್ಪ ನನಗಿಂತ ಏಳೆಂಟು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಸಮಯ ಇಷ್ಟು ಸರಿಯಾಗಿ ಗೊತ್ತಿರುವುದು ಆಗಷ್ಟೇ ಅವರ ಫೋಟೋ ತೆಗೆದಿದ್ದರಿಂದ. ಅದು ಈಗಲೂ ನನ್ನ ಫೋನಿನಲ್ಲಿದೆ: ಬಿಳಿ ಅಂಗಿ, ಊರಿಕೊಂಡು ನಡೆಯಲು ಹಿಡಿದ ಮಡಚಿದ ಕೊಡೆ, ತಿರುಗಿ ನಗುತ್ತಿರುವ ಮುಖ. ಫೋನನ್ನು ಚೀಲಕ್ಕೆ ಹಾಕಿ ತಲೆ ಎತ್ತುವಾಗ ಅವರು ಅಲ್ಲಿರಲಿಲ್ಲ. ಹುಲ್ಲಿನ ಮೇಲೆ ಕೊಡೆ ಮಾತ್ರ ಬಿದ್ದಿತ್ತು.

ಅವರು ಕೂಗಲಿಲ್ಲ. ಕೊಳೆತು ಲಡ್ಡಾದ ಮರ ಮುರಿಯುವ ಸದ್ದು, ಆಮೇಲೆ ನೀರಿನ ಸದ್ದು. ಎರಡರ ನಡುವೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಆ ಒಂದು ಉಸಿರಿನೊಳಗೆ ನಾನು ವಾರಗಟ್ಟಲೆ ಸಿಕ್ಕಿಕೊಂಡಿದ್ದೆ.

ನಾವು ಅಲ್ಲಿಗೆ ಹೋದದ್ದಕ್ಕೆ ನನ್ನ ಉದ್ಯೋಗವೇ ಕಾರಣ. ಮಣಿಪಾಲದ ಒಂದು ಸಣ್ಣ ಆಫೀಸಿನಲ್ಲಿ ಕುಳಿತು ನಾನು ಐರ್ಲೆಂಡಿನ ಹಳೆಯ ಜಮೀನು ಪುಸ್ತಕಗಳನ್ನು ಓದುತ್ತೇನೆ. ಯಾವ ತುಂಡು ಭೂಮಿಯಲ್ಲಿ ಯಾರಿದ್ದರು, ಧಣಿ ಯಾರು, ಮನೆ ಇತ್ತೇ, ದನದ ಕೊಟ್ಟಿಗೆ ಇತ್ತೇ ಎಂದೆಲ್ಲ ಅದರಲ್ಲಿ ಬರೆದಿದೆ. ಒಬ್ಬ ಸತ್ತು ಮಗನ ಪಾಲಿಗೆ ಬಂದಾಗ ಹಳೆಯ ಹೆಸರಿಗೆ ಗೆರೆ ಎಳೆದು ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆದಿರುತ್ತಾರೆ. ಕೆಂಪು, ನೀಲಿ, ಹಸಿರು. ಬಣ್ಣಗಳನ್ನು ಹಿಡಿದು ಹೋದರೆ ಒಂದು ಮನೆತನದ ಮೂರು ತಲೆಮಾರು ಸಿಗುತ್ತವೆ. ಅಜ್ಜ ಯಾವ ಹೊಲ ಬಿಟ್ಟು ಹಡಗು ಹತ್ತಿದ ಎಂದು ತಿಳಿಯಬೇಕಾದ ಮೊಮ್ಮಕ್ಕಳಿಗೆ ಅದನ್ನು ಕಳುಹಿಸುತ್ತೇವೆ. ನಮ್ಮಲ್ಲಿ ಒಂದು ಪದ್ಧತಿ ಇದೆ: ಮೊದಲು ಹೆಸರುಗಳು, ಆಮೇಲೆ ಜಾಗದ ಸಂಖ್ಯೆ. ಷರಾ ಕಾಲಂ, ಅಂದರೆ ಅಂಚಿನಲ್ಲಿ ಗುಮಾಸ್ತ ಬರೆದಿಟ್ಟ ಚಿಲ್ಲರೆ ಮಾತುಗಳು, ಕೊನೆಗೆ.

ಕಾಪುವಿನ ನಮ್ಮ ಮನೆಯಲ್ಲಿ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿ ಬಂದ ಪಪ್ಪ ನನ್ನ ಹಿಂದೆ ನಿಂತು ಪರದೆ ನೋಡಿದರು.

"ಇದು ಯಾರ ಅಜ್ಜ?"

"ಡಬ್ಲಿನ್‌ನಲ್ಲಿ ಒಬ್ಬರು ಟೀಚರ್ ಇದ್ದಾರೆ ಪಪ್ಪಾ. ಅವರ ಅಜ್ಜ."

"ಅಲ್ಲ ಬಾಯೆ, ಡಬ್ಲಿನ್ ಟೀಚರ್ ಅಜ್ಜನ ದನದ ಕೊಟ್ಟಿಗೆ ಎಲ್ಲಿತ್ತು ಅಂತ ನಿನಗೆ ಗೊತ್ತುಂಟು. ನಿನ್ನ ಸ್ವಂತ ಅಜ್ಜಿ ಹುಟ್ಟಿದ ಮನೆ ಎಲ್ಲಿ, ಹೇಳು ನೋಡುವಾ."

ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಅವರ ಅಮ್ಮ ಹೇಳುತ್ತಿದ್ದದ್ದು ಇಷ್ಟೇ: ಅಂಗಳಕ್ಕೆ ಇಳಿಯಲು ಮೂರು ಮೆಟ್ಟಿಲು, ಮಧ್ಯದ ಮೆಟ್ಟಿಲಿನ ಕಲ್ಲು ಒಂದು ಬದಿ ಸವೆದಿತ್ತು, ಮಳೆಗಾಲದಲ್ಲಿ ಅಲ್ಲಿ ನೀರು ನಿಂತರೆ ಕೋಳಿಗಳು ಬಂದು ಕುಡಿಯುತ್ತಿದ್ದವು. ಎಪ್ಪತ್ತನಾಲ್ಕರ ಪಪ್ಪನಿಗೆ ಆ ಮೆಟ್ಟಿಲನ್ನು ಒಮ್ಮೆ ನೋಡಬೇಕಿತ್ತು.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಅಪ್ಪನ ಒಂದು ಮೂಲಗೇಣಿ ಚೀಟು ಸಿಕ್ಕಿತು. ಜಮೀನನ್ನು ಶಾಶ್ವತವಾಗಿ ಗೇಣಿಗೆ ಕೊಟ್ಟ ಹಳೆಯ ಕಾಗದ. ಅದರಲ್ಲಿದ್ದ ಸರ್ವೆ ನಂಬರ್ ಹಿಡಿದು ಕಾರ್ಕಳದ ತಾಲೂಕು ಕಚೇರಿಗೆ ನಾಲ್ಕು ಸಲ ಹೋದೆ. ಕೊನೆಗೆ ಹಳೆಯ ರಿಜಿಸ್ಟರಿನ ಒಂದು ಪುಟದ ನಕಲು ಕೈಗೆ ಬಂತು. ಬಸ್ಸಿನಲ್ಲೇ ಓದಿದೆ. ಮುತ್ತಜ್ಜನ ಹೆಸರು ಇತ್ತು. ಅವರ ಅಣ್ಣನ ಹೆಸರೂ ಇತ್ತು. ಹಾಗೊಬ್ಬರು ಇದ್ದರೆಂದೇ ನಮಗೆ ಗೊತ್ತಿರಲಿಲ್ಲ. ಎರಡನ್ನೂ ಚಂದ ಅಕ್ಷರದಲ್ಲಿ ಬರೆದುಕೊಂಡೆ. ಬಲಗಡೆ ಅಂಚಿನಲ್ಲಿ ವಾರೆಯಾಗಿ ಇನ್ನೇನೋ ಗೀಚಿತ್ತು. ಮತ್ತೆ ನೋಡಿದರಾಯಿತು ಎಂದು ಮಡಚಿ ಚೀಲಕ್ಕೆ ಹಾಕಿದೆ.

ಆ ಜಾಗ ಈಗ ಒಂದು ತುಳು ಕುಟುಂಬದ್ದು. ಭೂಸುಧಾರಣೆಯ ಕಾಲದಲ್ಲಿ ಒಕ್ಕಲಾಗಿದ್ದ ಅವರಿಗೇ ಭೂಮಿ ಸಿಕ್ಕಿತ್ತು. ನಾವು ಹೋದಾಗ ಆ ಮನೆಯ ಅಮ್ಮ, ಅರವತ್ತು ದಾಟಿದವರು, ಒಗೆದ ಬಟ್ಟೆ ಒಣಹಾಕುತ್ತಿದ್ದರು. ನನ್ನ ಕೈಯಲ್ಲಿದ್ದ ಕಾಗದ ನೋಡಿ ಅವರ ಕೈ ಹಗ್ಗದ ಮೇಲೆಯೇ ನಿಂತಿತು.

"ಎಂತ, ಜಾಗ ವಾಪಸ್ ಕೇಳ್ಲಿಕ್ಕೆ ಬಂದದ್ದಾ?"

"ಇಲ್ಲ ಅಮ್ಮಾ, ಒಂದು ಮೆಟ್ಟಿಲು ನೋಡ್ಲಿಕ್ಕೆ," ಎಂದರು ಪಪ್ಪ.

"ಮೆಟ್ಟಿಲಾ? ಕಾಪುವಿನಿಂದ ಇಲ್ಲಿವರೆಗೆ? ನಿಮ್ಮ ಮನೆಯಲ್ಲಿ ಮೆಟ್ಟಿಲು ಇಲ್ವಾ ಮಾರಾಯ್ರೆ?"

ಪಪ್ಪ ಕೋಳಿಗಳ ಕಥೆ ಹೇಳಿದರು. ಅವರು ನಕ್ಕರು. ಹಳೆಯ ಮನೆಯ ಪಂಚಾಂಗದ, ಅಂದರೆ ಅಡಿಪಾಯದ, ಕಲ್ಲುಗಳು ಹಿಂದೆ ಉಂಟು, ಬೇಕಾದರೆ ನೋಡಿ, ಬೆಲ್ಲ ನೀರು ತರುತ್ತೇನೆ ಎಂದು ಒಳಗೆ ಹೋದರು.

ಅವರು ಬೆಲ್ಲ ತರುವಷ್ಟರಲ್ಲಿ ಪಪ್ಪ ಬಾವಿಯಲ್ಲಿದ್ದರು.

ನಾನು ಕಿರುಚಿದ್ದು ನನಗೆ ನೆನಪಿಲ್ಲ. ಆ ಅಮ್ಮ ಹೇಳಿ ಗೊತ್ತು. ನೆನಪಿರುವುದು, ನಾನು ಅಂಚಿಗೆ ಓಡುವಾಗ ಅವರು ಹಿಂದಿನಿಂದ ನನ್ನ ಚೂಡಿದಾರ ಹಿಡಿದು ಎಳೆದದ್ದು. "ಹೊಟ್ಟೆ ಮೇಲೆ ಮಲಗು! ಮಲಗಿ ನೋಡು!" ಮಲಗಿ ತೆವಳಿಕೊಂಡು ಹೋದೆ. ಹುಲ್ಲಿನ ಕೆಳಗೆ ಒಂದು ಅಡಿ ಮಣ್ಣು, ಅದರ ಕೆಳಗೆ ಕೊಳೆತ ತೆಂಗಿನ ಕಾಂಡಗಳು. ಮನೆ ಬಿಟ್ಟು ಹೋಗುವವರು ದನಕರು ಬೀಳದಿರಲೆಂದು ಬಾವಿಯ ಬಾಯಿಗೆ ಕಾಂಡ ಹಾಸಿ ಹೋಗುತ್ತಿದ್ದರಂತೆ. ಅದರ ಮೇಲೆ ಎಷ್ಟೋ ಮಳೆಗಾಲದ ಮಣ್ಣು ಕೂತು ನೆಲವೇ ಆಗಿತ್ತು. ಕೆಳಗೆ ಕತ್ತಲು. ಕತ್ತಲಲ್ಲಿ ಬಿಳಿ ಅಂಗಿ.

"ಪಪ್ಪಾ!"

"ಉಂಟು," ಎಂದರು. "ಇಲ್ಲೇ ಉಂಟು." ಎದೆಮಟ್ಟದ ನೀರು. ಗೋಡೆಯಿಂದ ಹೊರಚಾಚಿದ ಒಂದು ಕೆಂಪು ಕಲ್ಲನ್ನು ತಬ್ಬಿಕೊಂಡಿದ್ದರು.

ಆ ಅಮ್ಮ ಓಡಿಹೋಗಿ ಹಗ್ಗ ತಂದು ಹಲಸಿನ ಮರಕ್ಕೆ ಸುತ್ತಿ, ಇನ್ನೊಂದು ತುದಿಗೆ ಕುಣಿಕೆ ಹಾಕಿ ಕೆಳಗೆ ಬಿಟ್ಟರು. ಕಂಕುಳಿನ ಕೆಳಗೆ ಹಾಕಿಕೊಳ್ಳಲು ಹೇಳಿದರು. ನಮ್ಮಿಬ್ಬರಿಂದ ಎಳೆಯಲು ಆಗುವಂತಿರಲಿಲ್ಲ. ನಾನು ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಅವರು ಬರುವವರೆಗೆ, ನಲವತ್ತು ನಿಮಿಷ, ಆ ಅಮ್ಮ ಅಂಚಿನಲ್ಲಿ ಮಲಗಿ ಪಪ್ಪನನ್ನು ಮಾತಾಡಿಸುತ್ತಲೇ ಇದ್ದರು.

"ಕಾಪುವಿನಲ್ಲಿ ಬಂಗುಡೆ ಮೀನು ಹೇಗೆ ಈಗ? ಸಿಗ್ತದಾ?"

ಕೆಳಗಿನಿಂದ ದನಿ ಬಂತು: "ಬಂಗುಡೆ ಕಥೆ ಮೇಲೆ ಬಂದು ಹೇಳ್ತೇನೆ ಅಮ್ಮಾ!"

"ಮೇಲೆ ಬಂದ್ರೆ ನೀವು ಮೆಟ್ಟಿಲು ನೋಡ್ಲಿಕ್ಕೆ ಹೋಗ್ತೀರಿ. ಈಗಲೇ ಹೇಳಿ."

ಅವರು ಹೇಳಿದರು. ಕಲ್ಲನ್ನು ಬಿಡದೆ ಹೇಳಿದರು. ನಾನು ಹಗ್ಗ ಹಿಡಿದುಕೊಂಡು ಕೇಳಿದೆ.

ಪಾದದ ಗಂಟಿನ ಮೂಳೆ ಮುರಿದಿತ್ತು, ಪಕ್ಕೆಲುಬಿಗೆ ಪೆಟ್ಟಾಗಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಅವರು ಎಕ್ಸ್‌ರೇಗೆ ಹೋದಾಗ ನಾನು ಚೀಲದಿಂದ ಆ ನಕಲನ್ನು ತೆಗೆದೆ. ಬಲಗಡೆ ಅಂಚಿನ ವಾರೆ ಅಕ್ಷರ ಈ ಸಲ ಸುಲಭವಾಗಿ ಓದಲಿಕ್ಕಾಯಿತು: "ಬಾವಿ ಒಂದು, ಹಾಳು."

ನಾನು ಅದನ್ನು ಯಾರಿಗೂ ಹೇಳಲಿಲ್ಲ. ಕಣ್ಣು ಮುಚ್ಚಿದರೆ ಹುಲ್ಲಿನ ಮೇಲಿನ ಕೊಡೆ ಕಾಣುತ್ತಿತ್ತು. ರಾತ್ರಿ ಎದ್ದು ಹೋಗಿ ಪಪ್ಪನ ಉಸಿರು ಕೇಳಿ ಬರುತ್ತಿದ್ದೆ. ಆಫೀಸಿನಲ್ಲಿ ಈಗ ಷರಾ ಕಾಲಂ ಮೊದಲು ಓದುತ್ತೇನೆ. "ಮನೆ ಬಿದ್ದಿದೆ" ಎಂದು ಯಾವನೋ ಗುಮಾಸ್ತ ಬರೆದದ್ದನ್ನು ಕಂಡರೆ, ಅಲ್ಲಿ ಯಾರಾದರೂ ನಡೆಯುತ್ತಿದ್ದಾರೆಯೋ ಎಂದು ಯೋಚಿಸುತ್ತೇನೆ. ಡಬ್ಲಿನ್ ಟೀಚರ್‌ಗೆ ಅಜ್ಜನ ಜಾಗದ ವಿವರ ಕಳುಹಿಸುವಾಗ, ಹೋಗುವುದಾದರೆ ನೆಲ ನೋಡಿಕೊಂಡು ನಡೆಯಿರಿ ಎಂದು ಸೇರಿಸಿದೆ.

ಪಪ್ಪನ ಪ್ಲಾಸ್ಟರ್ ತೆಗೆದ ಮೇಲೆ ಆ ಅಮ್ಮ ಫೋನ್ ಮಾಡಿದರು. ಮೊದಲು ಪಪ್ಪನ ಕಾಲು ಕೇಳಿದರು.

"ಒಂದು ಹೇಳ್ಬೇಕು ಮಗಾ. ಆ ಬದಿಗೆ ದನ ಕಟ್ಬೇಡ ಅಂತ ನಮ್ಮ ಅತ್ತೆ ಹೇಳ್ತಿದ್ದರು. ದೈವದ ಜಾಗ ಆಗಿರ್ಬೇಕು ಅಂತ ನಾನು ಎಣಿಸಿದ್ದು. ಯಾಕೆ ಅಂತ ಕೇಳಿದ್ದಿಲ್ಲ. ನಾನು ಅವತ್ತು ನಿಮಗೆ ಹೇಳ್ಬಹುದಿತ್ತು."

ನಾನೂ ಕಾಗದದ ವಿಷಯ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ.

"ಅಯ್ಯೋ, ನಿನಗೂ ನಿದ್ದೆ ಇಲ್ವಾ?" ಎಂದರು. "ನಾಳೆ ಬನ್ನಿ. ಬಾವಿಗೆ ಕಟ್ಟೆ ಕಟ್ಟಿಸಿ ಆಗಿದೆ. ಮೆಟ್ಟಿಲೂ ಸಿಕ್ಕಿದೆ."

ಮರುದಿನ ಹೋದೆವು. ಎದೆಮಟ್ಟದ ಕಟ್ಟೆ, ಮೇಲೆ ಕಬ್ಬಿಣದ ಬಲೆ. ನಾನು ಎರಡೂ ಕೈಯಿಂದ ಕಟ್ಟೆಯನ್ನು ದೂಡಿ ನೋಡಿದೆ, ಅಲ್ಲಾಡಲಿಲ್ಲ. ಹುಲ್ಲು ಹೆರೆದ ಜಾಗದಲ್ಲಿ ಮೂರು ಕಲ್ಲುಗಳಿದ್ದವು. ನಡುವಿನದು ಒಂದು ಬದಿ ಸವೆದಿತ್ತು. ಪಪ್ಪ ಕೊಡೆ ಊರಿ ಕಷ್ಟಪಟ್ಟು ಕುಳಿತರು, ಆ ಗುಳಿಯಲ್ಲಿ ಅಂಗೈ ಇಟ್ಟರು. ಆ ಅಮ್ಮ ಚೊಂಬಿನಿಂದ ಅದಕ್ಕೆ ಸ್ವಲ್ಪ ನೀರು ಹೊಯ್ದರು. ಅವರ ಕೋಳಿಗಳು ದೂರದಲ್ಲೇ ನಿಂತು ನೋಡಿದವು, ಒಂದೂ ಹತ್ತಿರ ಬರಲಿಲ್ಲ.

"ಇವಕ್ಕೆ ಅಭ್ಯಾಸ ಇಲ್ಲ," ಎಂದರು ಅಮ್ಮ. "ಆಗ್ತದೆ."

ಆ ದಿನ ಕಟಪಾಡಿಯಲ್ಲಿ ಬಸ್ಸು ಬದಲಿಸಿ ಮನೆ ಸೇರುವಾಗ ಕತ್ತಲಾಗಿತ್ತು. ಊಟ ಮಾಡಿ ಮಲಗಿದ್ದು ಗೊತ್ತು. ಮತ್ತೆ ಕೇಳಿಸಿದ್ದು ಮೀನಿನ ಸ್ಕೂಟರಿನ ಹಾರ್ನ್. ಕಿಟಕಿಯಲ್ಲಿ ಬಿಸಿಲಿತ್ತು. ಅಂಗಳದಲ್ಲಿ ಪಪ್ಪ ಬಂಗುಡೆಯ ಕ್ರಯಕ್ಕೆ ಚರ್ಚೆ ಮಾಡುತ್ತಿದ್ದರು.

"ಮೆಲ್ಲ ಮಾತಾಡು ಮಾರಾಯ," ಎನ್ನುತ್ತಿದ್ದರು ಮೀನಿನವನಿಗೆ. "ಮಗಳು ಮಲಗಿದ್ದಾಳೆ."