ಪದ್ದಕ್ಕನ ಎತ್ತರದ ಜೀಪು

ತಲೆಯ ಮೇಲೆ ಮೀನಿನ ಬುಟ್ಟಿ ಇಲ್ಲದಾಗಲೂ ಇದ್ದಂತೆಯೇ ನಡೆಯುತ್ತಿದ್ದವರು ತ್ರಾಸಿಯ ಪದ್ದಕ್ಕ. ಕುತ್ತಿಗೆ ನೆಟ್ಟಗೆ, ಕಣ್ಣು ಮುಂದಕ್ಕೆ, ಎಡಗೈ ಮಾತ್ರ ಆಗಾಗ ಮೇಲೆ ಹೋಗಿ ಇಲ್ಲದ ಬುಟ್ಟಿಯ ಅಂಚನ್ನು ಸರಿಮಾಡಿ ಬರುತ್ತಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗಿಸುವ ಅಭ್ಯಾಸವೇ ಇರಲಿಲ್ಲ. ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಜೀಪು ಓಡಿಸಲು ಕಲಿತ ಮೇಲೂ ಈ ಚಾಳಿ ಬಿಡಲಿಲ್ಲ. ರಿವರ್ಸ್ ತೆಗೆಯುವಾಗ ಹಿಂದೆ ನೋಡಿ ಎಂದರೆ ಸೀಟಿನ ಮೇಲೆ ಪೂರ್ತಿ ತಿರುಗಿ ಕೂತುಬಿಡುತ್ತಿದ್ದರು. ಆಗ ಬ್ರೇಕ್ ಒತ್ತಲು ಕಾಲೇ ಇರುತ್ತಿರಲಿಲ್ಲ. ನನ್ನ ಗ್ಯಾರೇಜಿನ ಬಾಗಿಲ ಕಂಬ ಇವತ್ತಿಗೂ ಸ್ವಲ್ಪ ವಾಲಿಕೊಂಡೇ ಇದೆ.

ಯಡ್ತರೆಯಲ್ಲಿ ನಾನು ಗ್ಯಾರೇಜು ಹಾಕಿದ್ದ ಹೊಸತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಪದ್ದಕ್ಕನ ಅಣ್ಣ ಬೊಂಬಾಯಿಯಿಂದ ಬಂದು, ಬಾಡಿಗೆಗೆ ಓಡಿಸುತ್ತೇನೆಂದು ಹಳೆಯ ಜೀಪೊಂದನ್ನು ಕೊಂಡು, ಒಂದು ಮಳೆಗಾಲಕ್ಕೇ ಸಾಕಾಗಿ ಮತ್ತೆ ಬೊಂಬಾಯಿ ಬಸ್ಸು ಹತ್ತಿದ್ದರು. ಜೀಪು ತೆಂಗಿನ ಮರದಡಿ ನಿಂತಿತ್ತು, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಮರಿಗಳು ಹೊರಗೆ ಬರುವವರೆಗೆ ಕಾದು, ಆಮೇಲೆ ಪದ್ದಕ್ಕ ಅದನ್ನು ತ್ರಾಸಿಯ ಮರಳಿನ ಮೇಲೆ ಓಡಿಸಿ ಓಡಿಸಿ ಡ್ರೈವಿಂಗ್ ಕಲಿತರು. ತಲೆ ಹಣ್ಣಾಗತೊಡಗಿದ ಹೆಂಗಸು ಸ್ಟೇರಿಂಗ್ ಹಿಡಿದದ್ದನ್ನು ನೋಡಲು ಬಲೆ ಎಳೆಯುವವರೂ ಕೈ ಬಿಟ್ಟು ನಿಂತಿದ್ದರಂತೆ.

ಒಂದು ದಿನ ಅದೇ ಜೀಪಿನಲ್ಲಿ ನನ್ನ ಗ್ಯಾರೇಜಿಗೆ ಬಂದರು. ಇಳಿದವರೇ ಜೀಪಿನ ಹೊಟ್ಟೆಯನ್ನು ಕೈಯಲ್ಲಿ ತೋರಿಸಿ ಹೇಳಿದರು:

"ಹ್ವಾಯ್ ಶೇಖರ, ಇದ್ನ ಒಂಚೂರ್ ಎತ್ರ ಮಾಡ್ಕಲೆ. ಹೊಳಿ ನೀರ್ ಇದ್ರ್ ಹೊಟ್ಟಿಗ್ ಮುಟ್ಟೂಕ್ ಆಗ."

ಶೋಕಿಗೆ ಜೀಪು ಎತ್ತರಿಸುವ ಹುಡುಗರ ಬಗ್ಗೆ ನಾನು ಕೇಳಿದ್ದೆ. ಮೀನು ಮಾರುವ ಹೆಂಗಸಿಗೆ ಇದೇನು ಹುಚ್ಚು ಎಂದುಕೊಂಡೆ. ಕಾರಣ ಕೇಳಿದಾಗ ಪದ್ದಕ್ಕ ಟೈರೊಂದರ ಮೇಲೆ ಕೂತು ಎಲ್ಲ ವಿವರಿಸಿದರು.

ನಮ್ಮ ಕಡೆ ಮೀನು ಮಾರುವ ಹೆಂಗಸರಿಗೆ ಹೊಲ ಗದ್ದೆ ಇರುವುದಿಲ್ಲ, ಮನೆಗಳಿರುತ್ತವೆ. ಸ್ವಂತ ಮನೆಗಳಲ್ಲ, ಮೀನು ಕೊಳ್ಳುವ ಮನೆಗಳು. ಈ ಕೇರಿ ಇಂಥವಳದು, ಆ ಗುಡ್ಡದ ಮೇಲಿನದು ಇಂಥವಳದು ಎಂದು ಬಾಯಿಮಾತಿನಲ್ಲೇ ಗಡಿ. ಒಬ್ಬಳ ಮನೆಗೆ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ತಾಯಿ ಮುದುಕಿಯಾದರೆ ಮನೆಗಳು ಮಗಳಿಗೆ ಬರುತ್ತವೆ. ಪದ್ದಕ್ಕನಿಗೆ ತಾಯಿಯಿಂದ ಬಂದದ್ದು ಘಟ್ಟದ ಬುಡದ ಕಡೆಗೆ, ಹೊಳೆಯಾಚೆ ಇದ್ದ ಊರು. ಮಳೆಗಾಲದಲ್ಲಿ ಅಲ್ಲಿಗೆ ಹೋಗಲು ಅಡಿಕೆ ಮರದ ಕಾಲುಸಂಕ ಒಂದೇ ದಾರಿ. ಅವರ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಸಂಕ ದಾಟುತ್ತಿದ್ದರು, ಪದ್ದಕ್ಕನೂ ದಾಟಿದವರೇ. ಆದರೆ ಈಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಅದರ ಮೇಲೆ ಬೈಕಿನಲ್ಲಿ ಪೆಟ್ಟಿಗೆ ಕಟ್ಟಿ, ಪೋಂ ಪೋಂ ಹಾರ್ನ್ ಹಾಕುತ್ತ ಮೀನು ಮಾರುವ ಗಂಡಸರು ಹೊಸದಾಗಿ ಹುಟ್ಟಿಕೊಂಡಿದ್ದರು. ಅವರಿಗೆ ಯಾರ ಮನೆಯೆಂಬ ಲೆಕ್ಕವೇ ಇಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅವರು ಆಚೆಗೂ ಹೋಗಿ ಬರುತ್ತಿದ್ದರು.

"ಅಬ್ಬಿ ಬಿಟ್ಟ್ ಹೋದ ಮನೆ ಅವು. ಮಳ್ಗಾಲ ಪೂರ್ತಿ ನಾ ಹೋಗ್ದಿರೆ, ಮಳಿ ಬಿಟ್ಟ್ ಮೇಲೆ ಅವ್ರ್ ನನ್ನ ಎಂತಕ್ ಕಾಂತ್ರ್?" ಎಂದರು. ಅಬ್ಬಿ ಎಂದರೆ ಅವರ ತಾಯಿ. ಕೆಲಸಕ್ಕೆ ಇಳಿದೆ.

ಆಗ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಎಂಬುದು ಪೆಟ್ಟಿಗೆಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ನಮ್ಮ ಕೈಗೆಟುಕುತ್ತಿರಲಿಲ್ಲ. ಗುಜರಿಯಿಂದ ಸ್ಪ್ರಿಂಗ್ ಪ್ಲೇಟುಗಳನ್ನು ಆರಿಸಿ ತಂದೆ. ಸ್ಪ್ರಿಂಗ್ ಎತ್ತಿದರೆ ಜೀಪಿನ ಮೈ ಏಳುತ್ತದೆ, ಆದರೆ ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ ಏಳಬೇಕಾದರೆ ಟೈರು ದೊಡ್ಡದಾಗಬೇಕು. ದೊಡ್ಡ ಟೈರು ಹಾಕಿದರೆ ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಎರಡೂ ಆದ ಮೇಲೆ ಬ್ರೇಕ್ ಪೈಪು ಗಿಡ್ಡವಾಗುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುವ ಕೂಡುಕುಟುಂಬದ ಸಂಸಾರ ಅದು. ಮಡ್‌ಗಾರ್ಡ್ ಕತ್ತರಿಸಿ, ಪೈಪು ಉದ್ದ ಮಾಡಿ, ಮಿಲಿಟರಿ ಹರಾಜಿನ ಒರಟು ಹಲ್ಲಿನ ಟೈರು ಹಾಕಿ ನಿಲ್ಲಿಸಿದಾಗ ಜೀಪು ಉಟ್ಟ ಸೀರೆಯನ್ನು ಎತ್ತಿ ಕಟ್ಟಿಕೊಂಡು ನೀರಿಗಿಳಿಯಲು ಹೊರಟವರಂತೆ ಕಾಣುತ್ತಿತ್ತು. ನನಗೋ ಹೆಮ್ಮೆ, ಜೊತೆಗೆ ಅಳುಕು. ಇಷ್ಟು ಎತ್ತರಕ್ಕೆ ಮೀನಿನ ಬುಟ್ಟಿ ಏರಿಸುವುದು ಹೇಗೆಂದು ಕೇಳಿದೆ. ಪದ್ದಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬುಟ್ಟಿ ತಲಿಗ್ ಎತ್ತುದ್ ನಮ್ಗ್ ಹೊಸ್ತಾ ಮಗಾ? ನೀ ಎಷ್ಟ್ ಎತ್ತಿರೂ ಅದ್ ನನ್ನ್ ತಲಿಕಿಂತ ಕೆಳ್ಗೇ ಇತ್ತ್."

ಆ ಜೂನ್‌ನಲ್ಲಿ ಹೊಳೆಗೆ ನಾನೂ ಜೊತೆಗೆ ಹೋದೆ. ದೊಡ್ಡ ಬೋಟುಗಳು ಮಳೆಗಾಲದ ರಜೆಗೆ ದಡ ಸೇರಿದ್ದವು, ನಾಡದೋಣಿಯವರಿಗೆ ಸಿಕ್ಕ ಬಂಗುಡೆ ಮತ್ತು ಚಟ್ಲಿ, ಅಂದರೆ ಸಿಗಡಿ, ಬುಟ್ಟಿಯಲ್ಲಿದ್ದವು. ಹೊಳೆ ಕೆಂಪಗೆ ಹರಿಯುತ್ತಿತ್ತು. ಪದ್ದಕ್ಕ ಇಳಿದು, ಕೋಲು ಊರಿ ನಾಲ್ಕು ಹೆಜ್ಜೆ ನೀರಿನಲ್ಲಿ ನಡೆದು ಬಂದರು. ನಾನು ಫ್ಯಾನ್ ಬೆಲ್ಟ್ ಬಿಚ್ಚಿ, ಇಂಜಿನ್‌ಗೆ ನೀರು ಎರಚದಂತೆ ಮಾಡಿದೆ. ಆಮೇಲೆ ಅವರು ಫಸ್ಟ್ ಗೇರಿನಲ್ಲಿ, ಸಂಕದ ಮೇಲೆ ನಡೆಯುವಷ್ಟೇ ನಿಧಾನಕ್ಕೆ ಜೀಪನ್ನು ಇಳಿಸಿದರು. ನಡುಹೊಳೆಯಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಮುಂದಿನ ಟೈರು ಆಚೆ ದಡದ ಕೆಸರನ್ನು ಕಚ್ಚಿತ್ತು, ಪದ್ದಕ್ಕನ ಕತ್ತು ಎಂದಿನಂತೆ ನೆಟ್ಟಗಿತ್ತು. ಮೊದಲ ಮನೆಯೊಡತಿ ಪಾತ್ರೆ ಹಿಡಿದು ಓಡಿ ಬಂದು, ಜೀಪಿನ ಸುತ್ತ ಒಂದು ಸುತ್ತು ಹಾಕಿ, ಮೀನನ್ನು ನೋಡುವುದನ್ನೇ ಮರೆತರು. ಆ ದಿನ ನನಗೆ ಅಲ್ಲಿ ಸಿಕ್ಕಷ್ಟು ಚಾ ಇಡೀ ವರ್ಷದಲ್ಲಿ ಸಿಕ್ಕಿರಲಿಕ್ಕಿಲ್ಲ.

ಎಲ್ಲವೂ ಸಲೀಸಾಗಿತ್ತು ಎಂದೇನಲ್ಲ. ಮೀನಿನ ಉಪ್ಪುನೀರು ಸೋರಿ ಸ್ಪ್ರಿಂಗ್‌ಗಳಿಗೆ ತುಕ್ಕು ಹಿಡಿಯತೊಡಗಿತು. ಗ್ರೀಸ್ ಹಾಕಿಸಲು ಬನ್ನಿ ಎಂದು ನಾನು ಹೇಳಿಕಳಿಸಿದ್ದೆ. ಪದ್ದಕ್ಕ ಬರಲಿಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಭಾವನ ಹತ್ತಿರ ಒಂದು ಡಬ್ಬ ಮೀನೆಣ್ಣೆ ತಂದು, ದೋಣಿಗೆ ಬಳಿದಂತೆ ಜೀಪಿನ ಅಡಿಗೆಲ್ಲ ಬಳಿದುಬಿಟ್ಟರು. ತುಕ್ಕೇನೋ ನಿಂತಿತು. ಆದರೆ ಎಣ್ಣೆ ಕುಡಿದ ರಬ್ಬರ್ ಬುಷ್‌ಗಳು ಉಬ್ಬಿ, ಜೀಪು ಹೆಜ್ಜೆಹೆಜ್ಜೆಗೂ ನರಳುತ್ತ ನನ್ನ ಗ್ಯಾರೇಜಿಗೆ ಬಂತು. ಬೆನ್ನಿಗೇ ಯಡ್ತರೆಯ ಬೆಕ್ಕುಗಳೆಲ್ಲ ಬಂದವು. ಬುಷ್ ಬಿಚ್ಚಲು ನಾನು ಕೆಳಗೆ ಮಲಗಿದರೆ ಒಂದು ಬೆಕ್ಕು ಸ್ಪ್ರಿಂಗ್ ನೆಕ್ಕುತ್ತಿತ್ತು, ಇನ್ನೊಂದು ನನ್ನ ಕೈ ನೆಕ್ಕುತ್ತಿತ್ತು. ನಾನು ರೇಗಿದೆ. ಪದ್ದಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ದೋಣಿಯಲ್ಲಿ ರಬ್ಬರ್ ಇರುವುದಿಲ್ಲವಲ್ಲ ಎಂದಷ್ಟೇ ಹೇಳಿದರು. ಅವರ ತಪ್ಪೊಪ್ಪಿಗೆ ಅದಕ್ಕಿಂತ ಮುಂದೆ ಎಂದೂ ಹೋದದ್ದಿಲ್ಲ.

ವರ್ಷಗಳು ಹೀಗೇ ಹೋದವು. ಆ ಜೀಪನ್ನು ನೋಡಿ ಕುಂದಾಪುರ, ಬ್ರಹ್ಮಾವರದ ಹುಡುಗರು ನನ್ನಲ್ಲಿಗೆ ಬರತೊಡಗಿದರು. ಈಗ ಅವರು ಕಿಟ್ಟನ್ನು ಪೆಟ್ಟಿಗೆಯಲ್ಲೇ ತರಿಸಿಕೊಂಡು ಬರುತ್ತಾರೆ. ಎತ್ತರ ಯಾವುದಕ್ಕೆ ಎಂದು ನಾನು ಮೊದಲು ಕೇಳುತ್ತೇನೆ. ಹೆಚ್ಚಿನವರಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಕೊನೆಗೆ ಹೊಳೆಗೆ ಸೇತುವೆ ಬಂತು. ಊರಿಗೆಲ್ಲ ಸಂತೋಷ, ನನಗೆ ಮಾತ್ರ ಚಿಂತೆ. ಮಳೆಗಾಲದಲ್ಲೂ ಇನ್ನು ಬೈಕಿನವರು ಸರಾಗವಾಗಿ ಆಚೆ ಹೋಗಬಹುದು. ಇಷ್ಟು ವರ್ಷ ಪದ್ದಕ್ಕನ ಮನೆಗಳನ್ನು ಕಾದದ್ದು ನನ್ನ ಟೈರು, ನನ್ನ ಸ್ಪ್ರಿಂಗ್ ಎಂದು ನಾನು ನಂಬಿದ್ದೆ. ಅಷ್ಟರಲ್ಲಿ ಪದ್ದಕ್ಕನೇ ಬಂದರು, ತಂಗಿಯ ಮಗಳು ಲೀಲಾಳನ್ನು ಕರೆದುಕೊಂಡು. ಪದ್ದಕ್ಕನಿಗೆ ಮಕ್ಕಳಿರಲಿಲ್ಲ, ಗಂಡ ತೀರಿಕೊಂಡ ಮೇಲೆ ಕಾಸರಕದ ಕಾಯಿಯಂತೆ ಕಹಿಯಾದ ಬದುಕಿನಲ್ಲಿ ಇವಳೇ ಆಸರೆ. ಮನೆಗಳನ್ನು ಇವಳಿಗೇ ಕೊಡುವುದೆಂದು ತೀರ್ಮಾನಿಸಿದ್ದರು. ಲೀಲಾ ಕುಳ್ಳಿ. ಜೀಪು ಹತ್ತಲು ಅವಳು ಪಡುವ ಪಾಡನ್ನು ಒಮ್ಮೆ ನನಗೆ ತೋರಿಸಿ, ಪದ್ದಕ್ಕ ಹೇಳಿದರು:

"ಗಾಡಿ ಇಳ್ಸ್ ಮಗಾ. ಇನ್ನ್ ಎತ್ರ ಎಂತಕೆ? ಉಳುದ್ ಇದ್ರೆ ಮನೆ ಹ್ಯಾಂಗೂ ಉಳಿತ್ತ್."

ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಪ್ಲೇಟು ಬಿಚ್ಚಿದೆ, ಮಾಮೂಲಿ ಟೈರು ಹಾಕಿದೆ. ಹೋಗುವಾಗ ಲೀಲಾ ಓಡಿಸಿದಳು. ಪಕ್ಕದಲ್ಲಿ ಕೂತ ಪದ್ದಕ್ಕ, ಹಾದಿ ಅವರೇ ಮಾಡಿದ್ದೇನೋ ಎಂಬಂತೆ ಪ್ರತಿಯೊಂದು ತಿರುವಿನ ಬಗ್ಗೆಯೂ ಅವಳಿಗೆ ಪಾಠ ಹೇಳುತ್ತಿದ್ದರು. ನಾನು ಅವರನ್ನು ಕೊನೆಗೆ ನೋಡಿದ್ದು ಹಾಗೆಯೇ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಸುದ್ದಿ ಬಂದಾಗ ಸ್ಪ್ಯಾನರ್ ಕೆಳಗಿಟ್ಟೆ. ಆ ದಿನ ಯಾವ ಗಾಡಿಯನ್ನೂ ಮುಟ್ಟಲು ಮನಸ್ಸಾಗಲಿಲ್ಲ.

ಕ್ರಿಯೆಗಳು ಮುಗಿಯುವವರೆಗೆ ಲೀಲಾ ಹೊಳೆಯಾಚೆ ಹೋಗಿರಲಿಲ್ಲ. ಮತ್ತೆ ಹೊರಟ ಮೊದಲ ದಿನ ಬ್ರೇಕ್ ನೋಡುವ ನೆವದಲ್ಲಿ ನಾನೂ ಜೀಪು ಹತ್ತಿದೆ. ಸೇತುವೆ ದಾಟುವಷ್ಟರಲ್ಲಿ ಬೈಕಿನವನೊಬ್ಬ ನಮ್ಮ ಮುಂದೆಯೇ ಹೋಗಿ ಕೇರಿಯ ಬಾಯಲ್ಲಿ ನಿಂತು ಹಾರ್ನ್ ಹಾಕುತ್ತಿದ್ದ. ಲೀಲಾಳ ಮುಖ ಬಾಡಿತು. ಯಾವ ಮನೆಯಿಂದಲೂ ಯಾರೂ ಹೊರಬರಲಿಲ್ಲ. ಅವನು ಇನ್ನೊಮ್ಮೆ ಹಾರ್ನ್ ಹಾಕಿ, ಬೈಕ್ ತಿರುಗಿಸಿಕೊಂಡು ಹೋದ.

ನಾವು ಜೀಪು ನಿಲ್ಲಿಸಿದೆವು. ಮೊದಲ ಮನೆಯ ಅಜ್ಜಿ ಪಾತ್ರೆ ಹಿಡಿದು ಅಂಗಳಕ್ಕೆ ಇಳಿದು ಬಂದರು. ಇಷ್ಟು ದಿನ ಅವನ ಹತ್ತಿರ ಕೊಳ್ಳಬಹುದಿತ್ತಲ್ಲ ಎಂದು ನಾನೇ ಕೇಳಿದೆ.

"ಅವ್ನ್ ಹಾರ್ನ್ ಹಾಕಿರೆ ನಮ್ಗೆಂತ? ನಾವ್ ಪದ್ದು ಮನಿಯರ್ ಅಲ್ದಾ" ಎಂದ ಅಜ್ಜಿ, ಲೀಲಾಳ ಕಡೆ ತಿರುಗಿ ಪಾತ್ರೆ ಮುಂದೆ ಹಿಡಿದರು. "ಇನ್ನ್ ಮೇಲೆ ನಿನ್ನ್ ಮನಿಯರ್ ಹೆಣ್ಣೇ."

ಲೀಲಾ ಪಾತ್ರೆಗೆ ಒಂದು ಹಿಡಿ ಚಟ್ಲಿ ಹೆಚ್ಚಿಗೆ ಹಾಕಿದಳು.