ನೀರ ಹಾಕ್ರೆವ್ವಾ

ನನ್ನ ಬಾಯಿ ಜೋರು. ಬೀದರಿನ ನಮ್ಮ ಕಾಲೇಜಿನಾಗ ಅದು ಎಲ್ಲಾರಿಗೂ ಗೊತ್ತದ. ಇತಿಹಾಸ ಕಲಿಸ್ತೇನಿ. ಯಾರರೆ ಆಧಾರ ಇಲ್ದ ಒಂದು ಮಾತು ಬರದ್ರ ಕೆಂಪು ಪೆನ್ನಿಲೆ ಗೀಟು ಹಾಕಿ ಒಗೀತೇನಿ. ಇದೇ ಹಟದಾಗ ಒಂದು ಹೇಸಿ ಕೆಲಸ ಮಾಡೀನಿ. ಇವತ್ತಿಗೂ ನೆನಸಿದ್ರ ನಾಚಿಕಿಲೆ ತಲಿ ಎತ್ತಾಕ ಆಗಂಗಿಲ್ಲ.

ಔರಾದಿನ ಹುಡುಗಿ ಒಬ್ಬಾಕಿ, ನಮ್ಮಲ್ಲೇ ಕಂಪ್ಯೂಟರ್ ಕಲಿಯಾಕಿ, ಒಂದಿನ ಬಂದ್ಳು. "ಮೇಡಂ, ಸಾಲಿ ಹುಡುಗರಿಗೆ ನಮ್ಮ ಜಿಲ್ಲಾದ ಇತಿಹಾಸದ್ದು ಒಂದು ಕಂಪ್ಯೂಟರ್ ಆಟ ಮಾಡೋಣ್ರಿ. ಮಾಡೋದು ನಾನು, ತಪ್ಪು ಹುಡುಕೋದು ನೀವು." ತಪ್ಪು ಹುಡುಕೋದಂದ್ರ ನನಗ ಹಬ್ಬ. ಹೂಂ ಅಂದೆ. ಕಿಲ್ಲಾದ ಬಾಗಿಲು, ತೋಪು, ಬಿದ್ರಿ ಕೆಲಸದವರ ಓಣಿ, ಎಲ್ಲಾ ಭಾಳ ಚಂದ ಮಾಡಿದ್ಳು.

ಕಡೀಗೆ ಒಂದು ಹಳ್ಳಿ ಬಾವಿ ಬರ್ತಿತ್ತು. ಆಟ ಆಡಾವರು ಒಬ್ಬ ಹೆಣ್ಮಗಳಾಗಿ, ಖಾಲಿ ಕೊಡ ಹಿಡಕೊಂಡು ಬಾವಿಕಟ್ಟಿ ಕೆಳಗ ನಿಂದರಬೇಕು. ಯಾವ ಬಟನ್ ಒತ್ತಿದ್ರೂ ಹಗ್ಗ ಕೈಗೆ ಸಿಗಂಗಿಲ್ಲ. "ನೀರ ಹಾಕ್ರೆವ್ವಾ" ಅಂತ ಒಂದು ಕೂಗು, ಅಷ್ಟೇ. ಮ್ಯಾಲ ಯಾರರೆ ಬಂದು, ಸೇದಿ, ಎತ್ತರದಿಂದ ಸುರಿಯೋತನ ಕಾಯಬೇಕು.

"ಇದು ಯಾವ ಊರ ಬಾವಿ?" ಅಂದೆ.

ಭಾಲ್ಕಿ ಕಡಿಯ ಒಂದು ಊರಿನ ಹೆಸರು ಹೇಳಿದ್ಳು. "ನಮ್ಮ ಅವ್ವನ ತವರೂರ್ರಿ. ನಮ್ಮ ಆಯಿ, ಅವ್ವನ ಅವ್ವ, ದಿನಾ ಹಿಂಗೇ ನಿಂದರ್ತಿದ್ಳಂತ. ನಮ್ಮವರು ಹಗ್ಗ ಮುಟ್ಟಂಗಿದ್ದಿಲ್ಲಂತ್ರಿ."

ಅದು ನನ್ನೂರು. ಆ ಬಾವಿ ನಮ್ಮ ಮನಿ ಮುಂದಿಂದು. ಕಟ್ಟಿ ಮ್ಯಾಲ ನಿಂತು ನೀರು ಸುರೀತಿದ್ದಾಕಿ ನಾನೇ, ಆಗ ಒಂಬತ್ತು ಹತ್ತು ವರ್ಷದಾಕಿ. "ಹೋಗ, ಅವರಿಗೆ ನೀರ ಹಾಕಿ ಬಾ. ಅವರ ಕೊಡಕ್ಕ ನಮ್ಮ ಬಿಂದಗಿ ಹತ್ತಗೊಡಬ್ಯಾಡ" ಅಂತ ನಮ್ಮವ್ವ ಕಳಸ್ತಿದ್ಳು. ಒಮ್ಮೊಮ್ಮೆ ಕುಂಟಾಬಿಲ್ಲಿ ಆಟ ಮುಗಿಸೇ ಹೋಗ್ತಿದ್ದೆ. ಅಲ್ಲೀತನ ಅವರು ಬಿಸಲಾಗ ನಿಂತಿರ್ತಿದ್ರು.

ಇಷ್ಟು ಹೇಳಿದ್ರ ಸಾಕಿತ್ತು. ನಾ ಏನಂದೆ? "ಆಧಾರ ಎಲ್ಲದ?"

"ಆಯಿ ಹೇಳ್ಯಾಳ್ರಿ."

"ಮುದುಕಿ ಮಾತು ಆಧಾರ ಆಗ್ತದೇನು? ಯಾವ ಕಾಗದದಾಗ ಬರದದ, ತೋರಸು. ಇಲ್ಲಾಂದ್ರ ತಗಿ."

ಮುಖ ಸಣ್ಣದು ಮಾಡ್ಕೊಂಡು ತಗದ್ಳು ಪಾಪ. ಆಮ್ಯಾಲ ಆ ಬಾವಿಗೆ ಯಾರು ಬೇಕಾದ್ರೂ ಬಂದು ಬಟನ್ ಒತ್ತಿ ನೀರು ಸೇದಬಹುದಿತ್ತು. ಕೊಡ ತುಂಬಿದ್ರ ಹತ್ತು ಪಾಯಿಂಟು.

ಭಾಲ್ಕಿಯ ಒಂದು ಸಾಲಿಯಾಗ ಆಟ ತೋರಸೋ ದಿನ ಹುಡುಗಿ ತನ್ನ ಆಯಿನ್ನ ಕರಕೊಂಡು ಬಂದ್ಳು. ಗುರ್ತು ಹಿಡಿತಾಳೇನೋ ಅಂತ ನಾ ಒಂದು ಬಾಜೂಕ ಸರದು ನಿಂತೆ. ಹಿಡೀಲಿಲ್ಲ. ಮೊಮ್ಮಗಳು ಆಕಿ ಬಟ್ಟು ಹಿಡದು ಬಟನ್ ಒತ್ತಿಸಿದ್ಳು. ಗಳಗಳ ಅಂತ ಕೊಡ ತುಂಬಿತು. ಹುಡುಗರು ಚಪ್ಪಾಳಿ ಹೊಡದ್ರು.

"ಅಯ್ಯ, ಇಷ್ಟು ಜಲ್ದಿ ನಮಗ ಯಾರ ನೀರ ಕೊಟ್ಟಾರ ಯವ್ವಾ?" ಅಂತ ಮುದುಕಿ ನಕ್ಕಳು.

ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನಿಸ್ತು. ಮುದುಕಿ ಅಷ್ಟಕ್ಕ ಬಿಡಲಿಲ್ಲ. "ಕಟ್ಟಿ ಮುಂದಿನ ಮನ್ಯಾಗ ಒಂದು ಸಣ್ಣ ಹುಡುಗಿ ಇತ್ತು. ತಡಾ ಮಾಡಿ ಬರ್ತಿತ್ತು. ಆದ್ರ ಒಂದು ಹನಿ ಚೆಲ್ಲಲಾರದಂಗ, ಕೊಡದ ಬಾಯಿ ನೋಡಿ ಸುರೀತಿತ್ತು. ಛಲೋ ಕೂಸು. ಅದನ್ನೂ ಆಟದಾಗ ಹಾಕವ್ವಾ" ಅಂದ್ಳು. ಆಮ್ಯಾಲ ನನ್ನ ಕಡಿ ತಿರುಗಿದ್ಳು. "ನಿಮ್ಮದು ಯಾವ ಊರ್ರಿ ಅಕ್ಕೋರೆ?"

"ಬೀದರ" ಅಂದೆ.

ಹುಡುಗಿ ವಹಿ ತಗದು ಆಯಿ ಹೇಳಿದ್ದೆಲ್ಲಾ ಬರಕೊಂಡ್ಳು. ಬರದು ಮುಗಿಸಿ ನನ್ನ ನೋಡಿದ್ಳು. ಕುಹಕ ಇದ್ದಿಲ್ಲ, ಖರೇನೇ ಕೇಳಿದ್ಳು.

"ಈ ಸಣ್ಣ ಹುಡುಗಿಗೂ ಆಧಾರ ಬೇಕೇನ್ರಿ ಮೇಡಂ?"

"ಬೇಕು" ಅಂದೆ.