ಎರ್ರಗಡ್ಡದಲ್ಲಿ ಕೌದಿ ಹುಡುಕಿದ್ದು

ವಾರಕ್ಕೆ ಒಂದು ದಿನವಾದರೂ ಮನುಷ್ಯನನ್ನು ಮಲಗಲು ಬಿಡಬೇಕು. ಐದು ದಿನ ಹೈದರಾಬಾದಿನ ಈ ತುದಿಯ ಉಪ್ಪಲ್‌ನಿಂದ ಆ ತುದಿಯ ಹೈಟೆಕ್ ಸಿಟಿಗೆ ಕಂಪನಿಯ ಕ್ಯಾಬಿನಲ್ಲಿ ತೂಕಡಿಸುತ್ತ ಹೋಗಿ ತೂಕಡಿಸುತ್ತ ಬರುವವನು ನಾನು. ಆರನೆಯ ದಿನವನ್ನು ಅಮೆರಿಕದ ಗ್ರಾಹಕರು ಹೇಗೂ ಕಿತ್ತುಕೊಳ್ಳುತ್ತಾರೆ. ಉಳಿದ ಒಂದೇ ಒಂದು ಭಾನುವಾರ, ಬೆಳಗ್ಗೆ ಏಳಕ್ಕೆಲ್ಲ, ಎರಡು ಬಸ್ಸು ಬದಲಿಸಿ ಎರ್ರಗಡ್ಡದ ಹಳೇ ಸಾಮಾನಿನ ಸಂತೆಗೆ ಹೊರಟಿದ್ದೆ. ಕಾರಣ, ಒಂದು ಕೌದಿ.

ಕೌದಿ ನಮ್ಮವ್ವ ಗುರುಬಾಯಿಯದು. ಅಪ್ಪ ತೀರಿಕೊಂಡ ವರ್ಷ ಅವನ ಧೋತರ, ಅಂಗಿಗಳ ಜೊತೆ ತನ್ನ ಹಳೇ ಸೀರೆಗಳನ್ನೂ ಸೇರಿಸಿ ಬಾಗಲಕೋಟೆಯಲ್ಲಿ ಕೂತು ಹೊಲಿದದ್ದು. ನಮ್ಮ ಜೊತೆ ಇರಲು ಹೈದರಾಬಾದಿಗೆ ಬಂದಾಗ ಆಕೆ ತಂದ ಸಾಮಾನಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಅದಿಲ್ಲದೆ ಆಕೆಗೆ ನಿದ್ದೆ ಹತ್ತುವುದಿಲ್ಲ. ಕಡುಬೇಸಗೆಯಲ್ಲೂ ಕಾಲ ಮೇಲಾದರೂ ಅದು ಇರಬೇಕು. ಕಣ್ಣಿನ ಪೊರೆ ತೆಗೆಸಲು ನಾನು ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದ ಬುಧವಾರ, ನನ್ನ ಹೆಂಡತಿ ಕುಮುದಾ ಅದನ್ನು ಹಳೇ ಬಟ್ಟೆಯ ಗಂಟಿನ ಜೊತೆ ಪಾತ್ರೆಯವಳಿಗೆ ಕೊಟ್ಟು, ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದಳು.

"ಆಪರೇಷನ್ ಆದ ಕಣ್ಣಿಗೆ ಧೂಳು ತಾಗಬಾರದು ಅಂದ್ರಲ್ಲ ಡಾಕ್ಟ್ರು? ಅತ್ತೆಗೆ ಅಂತ ಹೊಸ ಬ್ಲ್ಯಾಂಕೆಟ್ ತಂದಿಟ್ಟಿದ್ದೆ ಕಣ್ರೀ," ಎಂದಳು. ಮೈಸೂರಿನವಳು, ಅವಳ ಕಣ್ಣಿಗೆ ಅದೊಂದು ದಪ್ಪನೆಯ ಚಿಂದಿ. ಬೈಯುವ ಹಕ್ಕು ನನಗೇನಿತ್ತು? ಅದರ ಬಣ್ಣ ಯಾವುದು ಎಂದು ಅವಳು ತಿರುಗಿ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಅವ್ವನಿಗೆ ಒಗೆಯಲು ಹಾಕಿದ್ದೇವೆಂದು ಸುಳ್ಳು ಹೇಳಿದೆವು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತೇ ದಿನ ಕಳೆದಳು. "ಒಣಗಿತೇನೋ ವಿನಾಯಕಾ?" ಎಂದು ಆಗಾಗ ಕೇಳುವಳು, ಅಷ್ಟೇ. ಜಗಳ ಮಾಡಿದ್ದರೆ ಒಳ್ಳೆಯದಿತ್ತು.

ಪಾತ್ರೆಯವಳ ಹೆಸರು ಬಂಡೆಮ್ಮ ಎಂದು ತಿಳಿದದ್ದು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಲ್ಲುವಿನಿಂದ. ತಲೆಯ ಮೇಲೆ ಬುಟ್ಟಿ ಹೊತ್ತು "ಪಾತ ಬಟ್ಟಲಕು ಸ್ಟೀಲ್ ಸಾಮಾನ್ಲು!" ಎಂದು, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಎಂದು, ತೆಲುಗಿನಲ್ಲಿ ಕೂಗುವ ಆ ಹೆಂಗಸು ಅವನ ಹಾಗೆಯೇ ಯಾದಗಿರಿ ಕಡೆಯವಳಂತೆ. "ಉಪ್ಪಲ್‌ದಾಗ ತಗೊಂಡಿದ್ದು ಉಪ್ಪಲ್‌ದಾಗ ಮಾರೂದಿಲ್ರಿ," ಎಂದ ಮಲ್ಲು. "ಈ ಮನಿ ಸೀರಿ ಎದುರು ಮನಿ ಕೆಲಸದಾಕಿ ಉಟ್ಕೊಂಡು ಬಂದ್ರ ಜಗಳ ಆಗ್ತಾವಲ್ರಿ. ಐತಾರ ಎರ್ರಗಡ್ಡಕ್ಕ ಹೋಗ್ರಿ, ಅಲ್ಲೇ ಕುಂದರ್ತಾಳ."

ಎರ್ರಗಡ್ಡದ ಸಂತೆಯನ್ನು ಮೆಚ್ಚಿ ಮಾತಾಡುವ ಗೆಳೆಯರಿದ್ದಾರೆ ನನಗೆ. ಹಳೇ ಕ್ಯಾಮೆರಾ, ಗ್ರಾಮಫೋನು ಎಂದು ಬಾಯಿ ಚಪ್ಪರಿಸುತ್ತಾರೆ. ನಾನು ಕಂಡದ್ದು ನಿಂತ ಗಡಿಯಾರಗಳು, ಜೋಡಿ ತಪ್ಪಿದ ಬೂಟುಗಳು, ರೆಕ್ಕೆ ಕಳಚಿದ ಫ್ಯಾನುಗಳು, ಕೀಬೋರ್ಡುಗಳ ರಾಶಿ. ಕಂಪನಿಗಳು ಹಂಚಿದ ಟೀ ಶರ್ಟುಗಳದೇ ಒಂದು ಗುಡ್ಡವಿತ್ತು. ನಾನು ಎರಡು ವರ್ಷ ದುಡಿದ ಮೇಲೆ ಬಾಗಿಲು ಹಾಕಿದ ಕಂಪನಿಯದೂ ಅದರಲ್ಲಿ ಸಿಕ್ಕಿತು, ನಾವೆಲ್ಲ ಒಂದೇ ಕುಟುಂಬ ಎಂದು ಎದೆಯ ಮೇಲೆ ಬರೆದದ್ದು. ನಗು ಕೂಡ ಬರಲಿಲ್ಲ, ಅಷ್ಟು ದಣಿದಿದ್ದೆ.

ಬಟ್ಟೆಯವರ ಸಾಲಿನ ಕೊನೆಯಲ್ಲಿ ಬಂಡೆಮ್ಮ ಸಿಕ್ಕಳು. ಐವತ್ತೈದು ದಾಟಿದ, ಕಡ್ಡಿಯಂಥ ಹೆಂಗಸು. ಮಂಡಿಗೆ ಹಳೇ ಪಂಚೆಯ ಪಟ್ಟಿ ಬಿಗಿದುಕೊಂಡು, ಒಂದು ಪ್ಯಾಂಟು ತೋರಿಸಲು ಗಿರಾಕಿಯ ಮುಂದೆ ಎದ್ದು ನಿಂತಿದ್ದಳು. ಅವಳು ಎದ್ದ ಜಾಗದಲ್ಲಿ ಕೌದಿ! ಕೆಂಪು, ನೀಲಿ ತುಂಡುಗಳು, ಒಂದು ಮೂಲೆ ಬಿಚ್ಚಿಹೋಗಿತ್ತು. ಹೋಗಿ ಬಾಚಿಕೊಂಡು ಎದೆಗೆ ಒತ್ತಿಕೊಂಡೆ. ನಲವತ್ತರ ಗಂಡಸು, ಸಂತೆಯ ನಡುವೆ ಗೊಳೋ ಎಂದು ಅತ್ತುಬಿಟ್ಟೆ. ನಾಚಿಕೆ ಆಮೇಲೆ ಬಂತು.

"ಉಪ್ಪಲ್‌ದಾಗ ಬುಧವಾರ ಮೂರನೇ ಮಹಡಿ ಮನ್ಯಾಗ ತಗೊಂಡೀರಿ. ನಮ್ಮವ್ವಂದು. ಇದೇ ಅಲ್ಲೇನು?" ಎಂದೆ.

ಬಂಡೆಮ್ಮ ಕೌದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿದ್ದ ಪ್ಯಾಂಟನ್ನು ನಿಧಾನವಾಗಿ ಮಡಚಿದಳು.

"ಹೌದ್ರಿ, ಅದೇ. ಒಯ್ರಿ," ಎಂದಳು.

ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಎರ್ರಗಡ್ಡದಲ್ಲಿ ಯಾರೂ ಯಾವುದನ್ನೂ ಬಿಟ್ಟಿ ಕೊಡುವುದಿಲ್ಲ. ಅಷ್ಟಾದರೂ ನನ್ನ ತಲೆಗೆ ಹೊಳೆಯಬೇಕಿತ್ತು.

ಮನೆಗೆ ತಂದು ಅವ್ವನ ತೊಡೆಯ ಮೇಲೆ ಹಾಕಿದೆ. ಪಟ್ಟಿ ಕಟ್ಟಿದ ಮುಖ ಅರಳಿತು. ಎರಡೂ ಕೈಯಿಂದ ಸವರಿದಳು, ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಬೆರಳಲ್ಲಿ ಹಿಸುಕಿದಳು. ಮುಖ ಬಾಡಿತು.

"ಇದು ನಂದಲ್ಲೋ. ಇದರಾಗ ರೊಟ್ಟಿ ಇಲ್ಲ."

ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಣ ಜೋಳದ ರೊಟ್ಟಿಯ ಚೂರೊಂದನ್ನು ಇಟ್ಟು ಮುಚ್ಚುತ್ತಾಳೆ ಅವ್ವ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾಳೆ ಅದಕ್ಕೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಾರು ಎಂದು ನಂಬಿಕೆ. ನಾನು ಹುಡುಗನಿದ್ದಾಗ ನೋಡಿ ನಕ್ಕಿದ್ದೆ, ಮರೆತಿದ್ದೆ. ಈಗ ಸುಳ್ಳೆಲ್ಲ ಒಪ್ಪಿಕೊಳ್ಳಬೇಕಾಯಿತು.

"ನಂದು ಹೋತು ಅನ್ನು," ಎಂದಳು ಅವ್ವ. ಮತ್ತೆ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಎಷ್ಟು ಸಣ್ಣ ಹೊಲಿಗಿ! ನನಗಿಂತ ಚಲೋ ಕೈ. ಯಾರವ್ವ ಯಾರಿಗೆ ಹೊಲಿದು ಕೊಟ್ಟಿದ್ದಳೋ. ತಿರುಗಿ ಕೊಟ್ಟು ಬಾ. ಆದ್ರ ಹರಕು ಮೂಲಿ ಹಂಗೇ ಕೊಡಬ್ಯಾಡ."

ಹೊಲಿಗೆ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಅವ್ವ ಡಾಕ್ಟರ ಮಾತು ಕೇಳಿದ ದಾಖಲೆ ಇಲ್ಲ. ಪಟ್ಟಿ ಬಿಚ್ಚಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಕುಮುದಾಳಿಂದ ದಾರ ಪೋಣಿಸಿಕೊಂಡು, ಬರೀ ಬೆರಳಿನ ಅಂದಾಜಿನ ಮೇಲೆ ಕೂತಳು. ರೊಟ್ಟಿ ಬೇಕೆಂದಳು. ಕುಮುದಾ ಪಾಪ ಚಪಾತಿ ತಂದುಕೊಟ್ಟರೆ ತಲೆ ಅಲ್ಲಾಡಿಸಿದಳು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹಿಮಾಯತ್‌ನಗರದ ಖಾನಾವಳಿಯೊಂದರಿಂದ ಜೋಳದ ರೊಟ್ಟಿ ತಂದೆ. ಮ್ಯಾನೇಜರಿಗೆ ಕಾರಣ ಜ್ವರ ಎಂದು ಬರೆದೆ.

ಮುಂದಿನ ಭಾನುವಾರ ಮತ್ತೆ ಎರಡು ಬಸ್ಸು. ಬಂಡೆಮ್ಮ ಆ ದಿನ ಕೌದಿಯಿದ್ದ ಜಾಗದಲ್ಲಿ ಸಿಮೆಂಟು ಚೀಲ ಹಾಸಿಕೊಂಡು ಕೂತಿದ್ದಳು. ನಾನು ಒಯ್ದದ್ದು ಅವಳದೇ ಎಂದು ಆಗ ಹೊಳೆಯಿತು. ನನ್ನ ಕಂಕುಳಲ್ಲಿದ್ದ ಕೌದಿಯನ್ನು ಕಂಡದ್ದೇ ತಲೆ ತಗ್ಗಿಸಿದಳು.

"ಅವ್ವಾರಿಗೆ ಗೊತ್ತಾತೇನ್ರಿ?"

"ಕೈಗೆ ಗೊತ್ತಾತು. ನಿಮ್ಮದು ಯಾಕ ಕೊಟ್ರಿ ಬಂಡೆಮ್ಮವ್ವಾ?" ಎಂದು ಪಕ್ಕದಲ್ಲಿ ಕುಕ್ಕರಿಸಿದೆ.

ಆಗ ಹೇಳಿದಳು. ಉಡಲು ತೊಡಲು ಬಾರದ ಬಟ್ಟೆಯನ್ನು ಕತ್ತರಿಸಿ, ಯಂತ್ರ ಒರೆಸುವ ಚಿಂದಿ ಮಾಡಿ, ಬಾಲಾನಗರದ ಕಾರ್ಖಾನೆಗಳಿಗೆ ಹಾಕುವುದು ಅವಳ ಕಸುಬಿನ ಇನ್ನೊಂದು ಅರ್ಧ. ಹಳೇ ಕೌದಿಗಳೂ ಅಲ್ಲಿಗೇ ಹೋಗುತ್ತವೆ.

"ಆದ್ರ ಮೂಲಿ ಮುಟ್ಟಿ ನೋಡದ ನಾ ಎಂದೂ ಕತ್ತರಿ ಹಾಕಿಲ್ಲರಿ. ರೊಟ್ಟಿ ಕೈಗೆ ಹತ್ತಿದ್ರ ಅದು ಇನ್ನಾ ಯಾರೋ ಜೋಪಾನ ಮಾಡಿ ಹೊದಿಯೋ ಕೌದಿ. ತಿರುಗಿ ಅದೇ ಮನಿಗೆ ಒಯ್ದು ಕೊಡ್ತೀನಿ, ಬೈದ್ರೂ ಬೈಲಿ ಅಂತ. ಆ ಶುಕ್ರವಾರ ಏನಾತೋ. ನಿಮ್ಮ ಕಡೆ ಲಿಫ್ಟಿನಾಗ ನಮ್ಮನ್ನ ಬಿಡೂದಿಲ್ಲಲ್ರಿ, ವಾರವೆಲ್ಲ ಮೆಟ್ಟಿಲ ಹತ್ತಿ ಇಳದು ಮಂಡಿ ಸತ್ತು ಹೋಗಿದ್ವು. ಕುಂತಲ್ಲೇ ಕಣ್ಣು ಮುಚ್ಚಾಕತ್ತಿದ್ವು. ಮೂಲಿ ನೋಡಲಿಲ್ಲ. ಕತ್ತರಿಗೆ ಏನೋ ಗಟ್ಟಿ ಸಿಕ್ತು. ನೋಡಿದ್ರ ರೊಟ್ಟಿ! ಅಷ್ಟರಾಗ ಎಲ್ಲಾ ತುಂಡಾಗಿತ್ರಿ ಯಪ್ಪಾ."

ಮಾರಲು ಬರುವವರು ಲಿಫ್ಟ್ ಬಳಸಬಾರದು ಎಂದು ಬಾಗಿಲಿಗೆ ಅಂಟಿಸಿದ ಆ ಸೂಚನೆಗೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಅದನ್ನು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಊರು ಬಿಟ್ಟು ಗಂಡ ಸೂಗಪ್ಪನ ಜೊತೆ ಬಂದಳಂತೆ. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು ಏಳುವಾಗ ಸಿಮೆಂಟು ಬುಟ್ಟಿ ಹೊತ್ತವಳು. ಸಿಮೆಂಟು ಪಾದ ತಿಂದ ಮೇಲೆ ಪಾತ್ರೆ ಬುಟ್ಟಿ ತಲೆಗೇರಿತು. ಊರಿಂದ ಬಸ್ಸು ಹತ್ತುವಾಗ ತಾಯಿ ಕೊಟ್ಟದ್ದು ಈ ಕೌದಿ. ತಾಯಿ ಆ ವರ್ಷವೇ ಹೋದಳು.

"ಇದರ ಮ್ಯಾಲೆ ಕುಂತ್ರ ಅವ್ವನ ತೊಡಿ ಮ್ಯಾಲೆ ಕುಂತಂಗ ಆಗ್ತಿತ್ರಿ. ಮತ್ತ ನೀವು ಅಳಾಕತ್ತಿದ್ರಿ. ಕತ್ತರಿಸೀನಿ ಅಂತ ಹೆಂಗ ಹೇಳಲಿ?"

ಕೌದಿಯನ್ನು ಅವಳ ಮಡಿಲಿಗೆ ಹಾಕಿದೆ. ಹೊಲಿದ ಮೂಲೆಗೆ ಅವಳ ಬೆರಳು ಹೋಯಿತು. ಹಿಸುಕಿದಳು, ಮತ್ತೆ ಹಿಸುಕಿದಳು. ಒಳಗಿನ ರೊಟ್ಟಿಯ ಚೂರು ಕಟಕ್ಕೆಂದಿತು.

"ನಮ್ಮವ್ವ ಇಟ್ಟಿದ್ದ ಚೂರು ಇಲಿ ತಿಂದು ಹನ್ನೆರಡು ವರ್ಷ ಆಗಿತ್ತು," ಎಂದಳು. ಕಣ್ಣು ಒರೆಸಿಕೊಂಡು ಕೇಳಿದಳು, "ಅವ್ವಾರು ಈಗ ನಿದ್ದಿ ಮಾಡ್ತಾರೇನ್ರಿ?"

ಆ ಬೆಳಗ್ಗೆ ನಾನು ಮನೆ ಬಿಡುವಾಗಲೂ ಅವ್ವ ಹೊಸ ಬ್ಲ್ಯಾಂಕೆಟನ್ನು ಮಡಚಿ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕೂತೇ ಇದ್ದಳು.

"ಹೂಂ, ಚಲೋ ನಿದ್ದಿ ಮಾಡ್ತಾಳ," ಎಂದೆ.

ಬಂಡೆಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಹೌದ್ರಿ," ಎಂದಳು, ಹೋದ ಭಾನುವಾರ ‘ಹೌದ್ರಿ, ಅದೇ’ ಎಂದ ಹಾಗೆಯೇ. ಆಮೇಲೆ ಕೌದಿಯನ್ನು ನೆಲಕ್ಕೆ ಹಾಸದೆ ತೊಡೆಯ ಮೇಲೇ ಇಟ್ಟುಕೊಂಡು, ಸಿಮೆಂಟು ಚೀಲದ ಮೇಲೆ ಕೂತು ಗಿರಾಕಿಯನ್ನು ಕರೆದಳು.